ಊದಿದವಳ ಕೈ ಶುದ್ಧ

ಸೀಟಿ ಊದುವುದು ಕೆಲಸವಲ್ಲ ಎಂದು ತೀರ್ಪು ಕೊಟ್ಟವರು ಚರ್ಚಿನ ಹಿರಿಯರು. ಮೀನು ಸೀಳುವುದು ಕೆಲಸ. ಐಸು ಹೊರುವುದು ಕೆಲಸ. ಕರುಳು ಬಳಿದು ಹಾಕುವುದು, ಉಪ್ಪು ಹಚ್ಚುವುದು, ನೆಲ ತೊಳೆಯುವುದು, ಎಲ್ಲವೂ ಕೆಲಸ. ಇವನ್ನು ಭಾನುವಾರ ಮಾಡಿದವರು ಕರ್ತನ ದಿನವನ್ನು ಕೆಡಿಸಿದವರು. ಅಂಥವರಿಗೆ ಕರ್ತನ ಮೇಜಿನಲ್ಲಿ ಜಾಗವಿಲ್ಲ. ಆದರೆ ಅವರನ್ನು ಕೆಲಸಕ್ಕೆ ಕರೆಯುವವಳು ಬರೀ ಉಸಿರು ಬಿಡುತ್ತಾಳೆ. ಉಸಿರು ಬಿಡುವುದಕ್ಕೆ ಯಾವ ಆಜ್ಞೆಯೂ ಅಡ್ಡ ಬರುವುದಿಲ್ಲ.

ಹೀಗಾಗಿ ಸೀಟಿ ಊದುವ ಮೇಸ್ತ್ರಿಗೆ ಪ್ರತಿ ವರ್ಷವೂ ಬಿಲ್ಲೆ ಸಿಗುತ್ತಿತ್ತು.

ಬಿಲ್ಲೆ ಹಿತ್ತಾಳೆಯದು, ಕೋಟಿನ ಗುಂಡಿಯಷ್ಟು ದೊಡ್ಡದು. ಆ ಚರ್ಚಿನಲ್ಲಿ ಕರ್ತನ ಭೋಜನ ವರ್ಷಕ್ಕೊಮ್ಮೆ ಮಾತ್ರ. ಹಿಂದಿನ ದಿನ, ಶನಿವಾರ, ಹಿರಿಯರು ಪಕ್ಕದ ಕೋಣೆಯಲ್ಲಿ ಕೂತು ಒಬ್ಬೊಬ್ಬರನ್ನೇ ಕರೆದು ವಿಚಾರಿಸುತ್ತಿದ್ದರು. ಕುಡಿದೆಯಾ? ಜಗಳವಾಡಿದೆಯಾ? ಕರ್ತನ ದಿನ ದುಡಿದೆಯಾ? ಯೋಗ್ಯರೆಂದು ಕಂಡವರ ಅಂಗೈಗೆ ಒಂದು ಬಿಲ್ಲೆ ಬೀಳುತ್ತಿತ್ತು. ಮರುದಿನ ಅದನ್ನು ಪೆಟ್ಟಿಗೆಗೆ ಹಾಕಿದವರು ಬಿಳಿ ಬಟ್ಟೆ ಹಾಸಿದ ಉದ್ದ ಮೇಜಿಗೆ ಕೂರಬಹುದು. ರೊಟ್ಟಿಯ ತಟ್ಟೆ ಕೈಯಿಂದ ಕೈಗೆ ಬರುತ್ತದೆ. ಬಿಲ್ಲೆ ಇಲ್ಲದವರಿಗೆ ಬಾಗಿಲ ಬಳಿಯ ಹಿಂದಿನ ಬೆಂಚುಗಳು. ಅವರು ನೋಡಬಹುದು. ಮುಟ್ಟುವಂತಿಲ್ಲ.

ಮೀನಿನ ಶೆಡ್ಡಿನ ಹೆಂಗಸರೆಲ್ಲ ಹಿಂದಿನ ಬೆಂಚಿನವರು. ಶೆಡ್ಡಿನ ಧಣಿ ಬಿಲ್ಲೆ ಕೊಡುವವರು.

ಧಣಿ ಭಾನುವಾರ ಶೆಡ್ಡಿನ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಆ ದಿನ ವ್ಯಾಪಾರದ ಮಾತು ಅವರ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಹೊರಗೆ ಬೋಟಿನ ಹಾರ್ನು ಕೇಳಿದರೆ ಕನ್ನಡಕ ತೆಗೆದು ಕರ್ಚೀಫಿನಿಂದ ಒರೆಸುತ್ತಿದ್ದರು. ಅಷ್ಟೇ. ಮೇಸ್ತ್ರಿ ಎದ್ದು ಹೊರಗೆ ಹೋಗುತ್ತಿದ್ದಳು. ಚರ್ಚಿನ ಮೆಟ್ಟಿಲ ಮೇಲೊಮ್ಮೆ, ಗಲ್ಲಿಯ ತುದಿಯಲ್ಲೊಮ್ಮೆ ಸೀಟಿ ಊದುತ್ತಿದ್ದಳು. ಹಿಂದಿನ ಬೆಂಚಿನ ಹೆಂಗಸರು ಪ್ರಾರ್ಥನೆಯನ್ನು ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. ಬಾರದವಳಿಗೆ ಸೋಮವಾರ ಚಾಕು ಸಿಗುತ್ತಿರಲಿಲ್ಲ, ಎಂದರೆ ಕೆಲಸವಿಲ್ಲ. ಅದನ್ನು ನೋಡಿಕೊಳ್ಳುವವಳೂ ಮೇಸ್ತ್ರಿಯೇ.

ಭಾನುವಾರ ಸೀಳಿದ ಮೀನು ಸೋಮವಾರ ಇನ್ನೊಬ್ಬ ಹಿರಿಯರಾದ ಹೆಡ್ಮಾಸ್ತರ ಮನೆಗೂ ಹೋಗುತ್ತಿತ್ತು, ಬೋಧಕರ ಮನೆಗೂ ಹೋಗುತ್ತಿತ್ತು. ಸೀಳಿದ ಕೈಗೆ ಅಂಟಿದ ಪಾಪ ಮೀನಿಗೆ ಅಂಟುತ್ತಿರಲಿಲ್ಲವೆಂದು ಕಾಣುತ್ತದೆ. ಎಲ್ಲರೂ ಚಪ್ಪರಿಸಿಕೊಂಡು ತಿನ್ನುತ್ತಿದ್ದರು.

ಹೆಂಗಸರು ಮೇಸ್ತ್ರಿಗೆ ಹಿಂದಿನಿಂದ 'ಸೀಟಿ' ಎಂದೇ ಹೆಸರಿಟ್ಟಿದ್ದರು. 'ಸೀಟಿ ಬಂದ್ಲು, ಬಾಯಿ ಮುಚ್ಕೊಳ್ಳಿ' ಎಂದು ಒಬ್ಬರಿಗೊಬ್ಬರು ಕಣ್ಸನ್ನೆ ಮಾಡುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇರುತ್ತಿದ್ದಳು. ಚಾಕು ಕೆಳಗಿಟ್ಟು ವರ್ಷಗಳಾಗಿದ್ದವು. ಉಗುರು ಮತ್ತೆ ಬೆಳೆದಿತ್ತು. ದಿನಾ ಬೆಳಿಗ್ಗೆ ವಾಸನೆಯ ಸೋಪು ಹಾಕಿ ಮೊಣಕೈವರೆಗೂ ಉಜ್ಜಿಕೊಳ್ಳುತ್ತಿದ್ದಳು. ಚರ್ಚಿನಲ್ಲಿ ಪಕ್ಕದವರು ಸರಿದು ಕೂರದಿದ್ದರೆ ಅವಳಿಗೆ ಅಷ್ಟೇ ಸಾಕಿತ್ತು.

ಶೆಡ್ಡಿನಲ್ಲಿ ಎಲ್ಲರಿಗಿಂತ ಹಳಬಳು ಮೇಸ್ತ್ರಿಯ ಚಿಕ್ಕಮ್ಮ. ಮೇಸ್ತ್ರಿಯ ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಚಿಕ್ಕಮ್ಮ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಶೆಡ್ಡಿಗೆ ಹೋದಳು. ಖಾಲಿ ಕ್ರೇಟಿನಲ್ಲಿ ಗೋಣಿ ಹಾಸಿ ಮಲಗಿಸಿ, ಪಕ್ಕದಲ್ಲೇ ನಿಂತು ಮೀನು ಸೀಳಿದಳು. ಮಗು ಹಸಿದು ಅತ್ತರೆ ಏಪ್ರನ್ನಿಗೆ ಕೈ ಒರೆಸಿ, ರೊಟ್ಟಿ ಮುರಿದು, 'ಬಾಯಿ ತೆರಿ' ಎಂದು ಬಾಯಿಗಿಡುತ್ತಿದ್ದಳು. ಹಲ್ಲು ಬಂದಾಗಿನಿಂದ ಮೇಸ್ತ್ರಿ ತಿಂದದ್ದೆಲ್ಲ ಮೀನು ನಾರುವ ರೊಟ್ಟಿ.

ಚಿಕ್ಕಮ್ಮನ ಕೈ ಈಗ ಕೈಯಂತಿರಲಿಲ್ಲ. ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡೇ ಸೀಳಬೇಕು. ಪಟ್ಟಿಯ ಒಳಗೆ ಉಪ್ಪುನೀರು ಇಳಿಯುತ್ತದೆ, ಗಾಯಕ್ಕೆ ಕಚ್ಚುತ್ತದೆ. ಎರಡು ಬೆರಳು ಮಡಚುತ್ತಲೇ ಇರಲಿಲ್ಲ. ಕಾಲು ಬಾತು ಗಂಬೂಟಿಗೆ ಹಿಡಿಸುತ್ತಿರಲಿಲ್ಲ, ಬೂಟಿನ ಬಾಯನ್ನು ಚಾಕುವಿನಲ್ಲಿ ಸೀಳಿಕೊಂಡಿದ್ದಳು. ಎದೆಯಲ್ಲಿ ನೀರು ತುಂಬಿದೆ, ನಿಂತು ಮಾಡುವ ಕೆಲಸ ಬಿಡು ಎಂದು ಡಾಕ್ಟರು ಹೇಳಿದ್ದರು. ಶೆಡ್ಡಿನಲ್ಲಿ ಕೂತು ಮಾಡುವ ಕೆಲಸ ಇರಲಿಲ್ಲ.

ದೇವರ ಜೊತೆ ಅವಳ ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಪ್ರಾರ್ಥನೆ ಎಂದು ಯಾರೂ ಅದನ್ನು ಒಪ್ಪುವ ಹಾಗಿರಲಿಲ್ಲ. "ನೋಡಪ್ಪಾ, ಬೆರಳಷ್ಟಿಲ್ಲ ಈ ಮೀನು, ಇದಕ್ಕೆ ಇಷ್ಟು ಮುಳ್ಳು ಇಟ್ಟಿದ್ದೀಯಲ್ಲ, ಬೇರೆ ಕೆಲಸ ಇರ್ಲಿಲ್ವಾ ನಿಂಗೆ?" ಎಂದು ಜಗಳ ತೆಗೆಯುತ್ತಿದ್ದಳು. ಆಚೆ ಮೇಜಿನವಳ ಮಗುವಿಗೆ ಜ್ವರ ಎಂದರೆ, "ಕೇಳಿಸ್ತಲ್ಲ? ಸ್ವಲ್ಪ ಹೋಗಿ ನೋಡ್ಕೊಂಡ್ ಬಾ" ಎನ್ನುತ್ತಿದ್ದಳು. ಬಾಯಿ ಆಡುತ್ತಿತ್ತು, ಚಾಕು ಆಡುತ್ತಿತ್ತು. ಎರಡೂ ಒಂದೇ ಕೆಲಸ ಅವಳಿಗೆ.

ಈ ವರ್ಷ ಅವಳು ಒಂದು ಹಟ ಹಿಡಿದಿದ್ದಳು.

"ಒಂದೇ ಒಂದ್ ಸಲ ಮೇಜಿಗೆ ಕೂತು ಎದ್ದುಬಿಡ್ತೀನಿ ಕಣೇ. ಮುಂದಿನ ವರ್ಷ ನಾನಿರೋದು ಅನುಮಾನ. ಶೆಡ್ಡಿಗೆ ಸೇರೋಕೆ ಮುಂಚೆ ಕೂತಿದ್ದು. ರುಚಿನೇ ಮರ್ತುಹೋಗಿದೆ."

ಮೇಜಿಗೆ ಕೂರುವಾಗ ಉಡಲು ಇಟ್ಟಿದ್ದ ಬಿಳಿ ಬಟ್ಟೆಯನ್ನು ಪೆಟ್ಟಿಗೆಯಿಂದ ತೆಗೆದು ವಾರದಿಂದ ಒಗೆಯುತ್ತಿದ್ದಳು. ಒಗೆದಷ್ಟೂ ಮೂಸಿ ನೋಡಿ ಮತ್ತೆ ಸೋಪಿನಲ್ಲಿ ನೆನೆಸುತ್ತಿದ್ದಳು. ಶನಿವಾರ ಅದಕ್ಕೆ ಇಸ್ತ್ರಿ ಹಾಕಿ ಮಂಚದ ಮೇಲೆ ಹರವಿಟ್ಟು, ಅಕ್ಕನ ಮಗಳ ಜೊತೆ ಚರ್ಚಿಗೆ ಹೊರಟಳು.

ಪಕ್ಕದ ಕೋಣೆಯಲ್ಲಿ ಮೇಜಿನ ಹಿಂದೆ ಮೂರು ಕುರ್ಚಿ. ನಡುವೆ ಧಣಿ, ಒಂದು ಬದಿಗೆ ಹೆಡ್ಮಾಸ್ತರು, ಇನ್ನೊಂದು ಬದಿಗೆ ಬೋಧಕರು. ಬೋಧಕರು ಒಳ್ಳೆಯವರು. ಅಂದರೆ ಯಾರಿಗೂ ಎದುರು ಹೇಳದವರು. ಧಣಿಯ ಮುಂದೆ ಬಿಲ್ಲೆಗಳ ಮಖಮಲ್ಲಿನ ಪೆಟ್ಟಿಗೆ ತೆರೆದಿತ್ತು. ವಿಚಾರಣೆಗೆ ಬಂದವರಿಗೆ ಕುರ್ಚಿ ಇರಲಿಲ್ಲ. ಚಿಕ್ಕಮ್ಮ ಬಾತ ಕಾಲಿನ ಮೇಲೆ ನಿಂತಳು. ಮೇಸ್ತ್ರಿ ಬಾಗಿಲ ಬಳಿ ಸರದಿ ಕಾಯುತ್ತ ನಿಂತಳು.

"ಕರ್ತನ ದಿನ ಪರಿಶುದ್ಧವಾಗಿ ಇಟ್ಟಿದ್ದೀಯೇನಮ್ಮಾ?" ಹೆಡ್ಮಾಸ್ತರು ಕೇಳಿದರು.

"ಬೋಟು ಬಾರದ ಭಾನುವಾರ ಇಟ್ಟಿದ್ದೀನಿ ಸ್ವಾಮಿ. ಬೋಟು ಬಂದ ದಿನ ಶೆಡ್ಡಿಗೆ ಹೋಗಿದ್ದೀನಿ. ಧಣಿಗೆ ಗೊತ್ತಲ್ಲ."

ಧಣಿ ನಸುನಕ್ಕರು. ಅವರ ದನಿ ಯಾವಾಗಲೂ ಬೆಣ್ಣೆ.

"ಇಲ್ಲಿ ಧಣಿ ಯಾರೂ ಇಲ್ಲಮ್ಮ. ಇಲ್ಲಿ ನಾನು ಸಭೆಯ ಸೇವಕ. ಭಾನುವಾರ ನಾನು ಶೆಡ್ಡಿಗೆ ಕಾಲಿಡೋದಿಲ್ಲ. ಅಲ್ಲಿ ಏನಾಗುತ್ತೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ನೋಡಿದವರ ಸಾಕ್ಷಿ ಬೇಕು. ಅದು ನಿಯಮ." ಬಾಗಿಲ ಕಡೆ ತಿರುಗಿದರು. "ಮೇಸ್ತ್ರಿ, ಈಕೆ ಭಾನುವಾರ ಕೆಲಸಕ್ಕೆ ಬಂದಿದ್ಲಾ?"

ಮೇಸ್ತ್ರಿಯ ಕತ್ತಿನಲ್ಲಿ ಸೀಟಿ ನೇತಾಡುತ್ತಿತ್ತು. ಧಣಿಯ ಕಣ್ಣು ಅದರ ಮೇಲೆ ಒಂದು ಗಳಿಗೆ ನಿಂತು ಮುಂದೆ ಹೋಯಿತು. ಅಷ್ಟು ಸಾಕಾಯಿತು. ನಾಳೆಯಿಂದ ಚಾಕು ಹಿಡಿಯಬೇಕಾದೀತು. ಬೆರಳಿಗೆ ಪಟ್ಟಿ, ಪಟ್ಟಿಯೊಳಗೆ ಉಪ್ಪುನೀರು. ಪಕ್ಕದವರು ಮೂಗು ಮುಚ್ಚಿ ಸರಿದು ಕೂತಾರು.

"ಹೌದು. ಬಂದಿದ್ಲು" ಎಂದಳು.

ಬಂದಿದ್ದಳು. ಎಲ್ಲಿಯೋ ದಾರಿಯಲ್ಲಿ ಕಂಡವಳ ಬಗ್ಗೆ ಹೇಳಿದ ಹಾಗೆ. 'ನನ್ನ ಚಿಕ್ಕಮ್ಮ' ಎಂಬ ಒಂದು ಮಾತೂ ಬಾಯಿಗೆ ಬರಲಿಲ್ಲ.

ಧಣಿ ನಿಟ್ಟುಸಿರು ಬಿಟ್ಟರು. "ತೀರ್ಪು ಮಾಡೋಕೆ ನಾನ್ಯಾರಮ್ಮ? ನನ್ನ ಕರುಳೂ ಚುರ್ ಅನ್ನುತ್ತೆ. ಆದ್ರೆ ಆಜ್ಞೆ ಅಂದ್ರೆ ಆಜ್ಞೆ. ಮನಸ್ಸು ತಿರುಗಿಸ್ಕೋ. ಮುಂದಿನ ವರ್ಷ ನೋಡೋಣ."

ಬೋಧಕರು ಕಿಟಕಿಯ ಆಚೆ ಏನೋ ಇದೆ ಎನ್ನುವಂತೆ ನೋಡುತ್ತಿದ್ದರು. ಚಿಕ್ಕಮ್ಮ ತಲೆಯಾಡಿಸಿದಳು. ಹೊರಗೆ ಹೋಗುವಾಗ ಬಾಗಿಲಲ್ಲಿ ಅಕ್ಕನ ಮಗಳ ತೋಳು ಸವರಿಕೊಂಡೇ ಹೋಗಬೇಕಾಯಿತು. ಮುಖ ನೋಡಲಿಲ್ಲ. ಮೇಸ್ತ್ರಿಯ ವಿಚಾರಣೆ ಬೇಗ ಮುಗಿಯಿತು. ಬಿಲ್ಲೆ ಅಂಗೈಗೆ ಬಿತ್ತು.

ಮನೆಯಲ್ಲಿ ಚಿಕ್ಕಮ್ಮ ಬಿಳಿ ಬಟ್ಟೆಯನ್ನು ಮಡಚುತ್ತಿದ್ದಳು. "ನೋಡೋಕೆ ಕೂರೋರಿಗೆ ಇದ್ಯಾಕೆ?" ಎಂದು ಪೆಟ್ಟಿಗೆಯೊಳಗೆ ಇಟ್ಟಳು. ಒಲೆ ಹಚ್ಚಿದಳು. ಊಟ ಬಡಿಸಿದಳು. ಬೈದಿದ್ದರೆ ಸಾಕಿತ್ತು. ಕೈಗೆ ಸಿಕ್ಕಿದ್ದನ್ನು ಎತ್ತಿ ಹೊಡೆದಿದ್ದರೂ ಸಾಕಿತ್ತು. ಮೇಸ್ತ್ರಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ನಾನೇನ್ ಮಾಡ್ಲಿ ಚಿಕ್ಕಮ್ಮ? ಕೇಳಿದ್ರು, ಇದ್ದದ್ದು ಹೇಳ್ದೆ. ದೇವರ ಮನೇಲಿ ಸುಳ್ಳು ಹೇಳೋಕಾಗುತ್ತಾ?"

"ನೀನೆಲ್ಲಿ ಸುಳ್ಳು ಹೇಳ್ದೆ? ಅರ್ಧ ಹೇಳ್ದೆ ಅಷ್ಟೇ." ಚಿಕ್ಕಮ್ಮ ಇನ್ನೊಂದು ಸೌಟು ಬಡಿಸಿದಳು. "ಊಟ ಮಾಡು. ಮಿಕ್ಕರ್ಧ ಅವನಿಗೆ ಗೊತ್ತು."

ಮೇಸ್ತ್ರಿಗೆ ಕೆನ್ನೆಗೆ ಬಾರಿಸಿದಂತಾಯಿತು. ಮೀನು ನಾರುವ ಆ ರೊಟ್ಟಿಯಲ್ಲಿ ಬೆಳೆದ ಮೈ ಇದು ಎಂದು ತನ್ನ ಕೈಯನ್ನೇ ನೋಡಿಕೊಂಡಳು. ಸೋಪಿನ ಪರಿಮಳ ಬರುತ್ತಿತ್ತು. ಅವಳಿಗೆ ಹೇಸಿಗೆಯಾಯಿತು.

ಭಾನುವಾರ ಮೇಜಿಗೆ ಬಿಳಿ ಬಟ್ಟೆ ಹಾಸಿದ್ದರು. ಬಿಲ್ಲೆಗಳು ಪೆಟ್ಟಿಗೆಯಲ್ಲಿ ಟಣ್ ಟಣ್ ಎಂದು ಬಿದ್ದವು. ಮೇಜಿನ ತಲೆಯಲ್ಲಿ ಬೋಧಕರು ನಿಂತಿದ್ದರು. ಅವರ ಬಲಕ್ಕೆ ಮೊದಲ ಕುರ್ಚಿ ಧಣಿಯದು, ಅದರ ಪಕ್ಕದ್ದು ಹೆಡ್ಮಾಸ್ತರದು. ತಟ್ಟೆ ಎಡದಿಂದ ಹೊರಟು ಇಡೀ ಮೇಜು ಸುತ್ತಿ ಕಟ್ಟಕಡೆಗೆ ಧಣಿಯ ಕೈಗೆ ಬರುವುದು ವಾಡಿಕೆ. ಎಲ್ಲರೂ ತಿಂದ ಮೇಲೆ ತಾನು ತಿನ್ನುವುದು ಧಣಿಯ ವಿನಯ. ಆ ವಿನಯ ಎಲ್ಲರಿಗೂ ಕಾಣುವಂಥ ಜಾಗದಲ್ಲೇ ಅವರ ಕುರ್ಚಿ ಇತ್ತು.

ಮೇಸ್ತ್ರಿ ಮೇಜಿನ ಕೆಳತುದಿಯಲ್ಲಿ ಕೂತಳು. ಹಿಂದಿರುಗಿ ನೋಡಬಾರದೆಂದುಕೊಂಡೇ ನೋಡಿದಳು. ಹಿಂದಿನ ಬೆಂಚಿನಲ್ಲಿ ಚಿಕ್ಕಮ್ಮ ಶೆಡ್ಡಿನ ಬಟ್ಟೆಯಲ್ಲೇ ಬಂದಿದ್ದಳು. ಸೊಂಟಕ್ಕೆ ಬೆರಳಿನ ಪಟ್ಟಿಗಳನ್ನು ಸಿಕ್ಕಿಸಿಕೊಂಡಿದ್ದಳು. ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದಳು. ಅಲ್ಲಿಯೂ ಅವನ ಜೊತೆ ಏನೋ ಜಗಳ ನಡೆದಿತ್ತು.

ಬೋಧಕರು ರೊಟ್ಟಿಗಾಗಿ ಸ್ತೋತ್ರ ಹೇಳುತ್ತಿದ್ದಾಗ ಬೋಟಿನ ಹಾರ್ನು ಕೇಳಿಸಿತು. ಒಂದಾದ ಮೇಲೊಂದು. ತುಂಬಿಕೊಂಡು ಬಂದಿದ್ದವು.

ಧಣಿ ಕನ್ನಡಕ ತೆಗೆದು ಒರೆಸಿದರು.

ಮೇಸ್ತ್ರಿಯ ಮಂಡಿ ತಾನಾಗಿಯೇ ಏಳಲು ನೋಡಿತು. ಎಷ್ಟೋ ವರ್ಷದ ಅಭ್ಯಾಸ. ಅವಳು ಎರಡೂ ಕೈಯಿಂದ ಕುರ್ಚಿಯ ಅಂಚು ಹಿಡಿದುಕೊಂಡಳು. ಧಣಿ ಕಣ್ಣು ಕಿರಿದು ಮಾಡಿ ಮೇಜಿನ ಉದ್ದಕ್ಕೂ ನೋಡಿದರು. ಕೆಮ್ಮಿದರು. ಕನ್ನಡಕ ಮತ್ತೆ ಒರೆಸಿದರು. ಅದರಲ್ಲಿ ಒರೆಸಲು ಏನೂ ಉಳಿದಿರಲಿಲ್ಲ.

ಅರ್ಧ ಹೇಳ್ದೆ ಅಷ್ಟೇ.

ಮೇಸ್ತ್ರಿ ಕತ್ತಿನಿಂದ ಸೀಟಿ ತೆಗೆದಳು. ಬಿಳಿ ಬಟ್ಟೆಯ ಮೇಲಿಟ್ಟು ಪಕ್ಕದವರ ಕಡೆ ತಳ್ಳಿದಳು.

"ಇದನ್ನ ಧಣಿಗೆ ಕೊಡಿ" ಎಂದಳು.

ಪಕ್ಕದಾಕೆ ಬೆದರಿ ಅದನ್ನು ಮುಂದಿನವರಿಗೆ ದಾಟಿಸಿದಳು. ಅವರು ತಮ್ಮ ಮುಂದಿನವರಿಗೆ. ಯಾರ ಕೈಯಲ್ಲೂ ಅದು ನಿಲ್ಲಲಿಲ್ಲ. ಬಿಸಿ ಕೆಂಡ ಕೈಗೆ ಬಂದಂತೆ ಎಲ್ಲರೂ ಮುಂದೆ ತಳ್ಳಿದರು. ರೊಟ್ಟಿ ಬರಬೇಕಾದ ದಾರಿಯಲ್ಲಿ ಸೀಟಿ ಬಂತು. ಹೆಡ್ಮಾಸ್ತರು ಅದನ್ನು ಎರಡು ಬೆರಳಲ್ಲಿ ಎತ್ತಿ ಧಣಿಯ ಮುಂದಿಟ್ಟರು.

ಸ್ತೋತ್ರ ನಿಂತಿತು. ಇಡೀ ಚರ್ಚು ಧಣಿಯನ್ನೇ ನೋಡುತ್ತಿತ್ತು. ಹಾರ್ನು ಮತ್ತೆ ಕೂಗಿತು. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು, ಮೀನು ಕಾಯುವುದಿಲ್ಲ. ಧಣಿ ಕಿವಿ ಕೆಂಪಾಗಿಸಿಕೊಂಡು ಕೂತರು. ಮೇಜಿನ ಮೇಲಿನ ರೊಟ್ಟಿಯನ್ನು ಒಮ್ಮೆ ನೋಡಿದರು, ಸೀಟಿಯನ್ನು ಒಮ್ಮೆ ನೋಡಿದರು. ಆಮೇಲೆ ಸೀಟಿ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ, ದಡದಡ ಹೊರಗೆ ನಡೆದರು.

ಮೆಟ್ಟಿಲ ಮೇಲಿನಿಂದ ಸೀಟಿಯ ಸದ್ದು ಬಂತು. ಸದ್ದಲ್ಲ ಅದು, ಬರೀ ಗಾಳಿ ಮತ್ತು ಉಗುಳು. ಜನ್ಮದಲ್ಲಿ ಊದಿದವರಲ್ಲ. ಎರಡನೇ ಸಲಕ್ಕೆ ಸ್ವಲ್ಪ ಕೂಗಿತು. ಹಿಂದಿನ ಬೆಂಚಿನಲ್ಲಿ ಹೆಂಗಸರು ಅಭ್ಯಾಸಬಲದಿಂದ ಅರ್ಧ ಎದ್ದರು.

ಮೊದಲು ಪೂರ್ತಿ ಎದ್ದವಳು ಚಿಕ್ಕಮ್ಮ. ಆದರೆ ಬಾಗಿಲ ಕಡೆ ಹೋಗಲಿಲ್ಲ. ಕಾಲೆಳೆಯುತ್ತ ನಡುವಿನ ದಾರಿಯಲ್ಲಿ ಮುಂದೆ ಬಂದಳು. ಅವಳ ಜೊತೆಗೇ ಮೀನಿನ ವಾಸನೆಯೂ ಬಂತು. ಬಂದವಳು ಖಾಲಿ ಬಿದ್ದಿದ್ದ ಧಣಿಯ ಕುರ್ಚಿಯಲ್ಲಿ ಕೂತುಬಿಟ್ಟಳು.

"ಅಮ್ಮಾ, ಆ ಕುರ್ಚಿ..." ಎಂದರು ಬೋಧಕರು.

"ಖಾಲಿ ಇತ್ತು, ಕೂತೆ. ಕಾಲು ನಿಲ್ತಿಲ್ಲಪ್ಪ. ನೀವು ನಡೆಸಿ."

"ಬಿಲ್ಲೆ..."

"ಇಲ್ಲ. ಕೊಡ್ಲಿಲ್ಲ."

ಬೋಧಕರು ಬಾಗಿಲ ಕಡೆ ನೋಡಿದರು. ಧಣಿ ಬರಲಿಲ್ಲ, ಊದುತ್ತಲೇ ಇದ್ದರು. ಬೋಧಕರಿಗೆ ಬೇಡ ಎನ್ನುವ ಧೈರ್ಯವೂ ಇರಲಿಲ್ಲ, ಬೇಕು ಎನ್ನುವ ಧೈರ್ಯವೂ ಇರಲಿಲ್ಲ. ತಟ್ಟೆಯನ್ನು ಎಡಕ್ಕೆ ಕೊಟ್ಟರು.

ತಟ್ಟೆ ಕೈಯಿಂದ ಕೈಗೆ ಬಂತು. ಜನ ಮುರಿದುಕೊಂಡರು, ತಿಂದರು, ತಲೆ ತಗ್ಗಿಸಿದರು. ಮೇಸ್ತ್ರಿಯ ಕೈಗೂ ಬಂತು. ಅವಳು ಮುರಿಯಲಿಲ್ಲ. ಯಾವ ಮುಖ ಇಟ್ಟುಕೊಂಡು ಮುರಿಯುವುದು? ಮುಂದಕ್ಕೆ ಕೊಟ್ಟಳು. ತಟ್ಟೆ ಮೇಜು ಸುತ್ತಿ ಹೆಡ್ಮಾಸ್ತರ ಹತ್ತಿರ ಬಂತು. ಅವರು ತಮ್ಮ ಪಾಲು ತಿಂದು ಬಾಯಿ ಒರೆಸಿಕೊಂಡರು. ಪಕ್ಕದಲ್ಲಿ ಚಿಕ್ಕಮ್ಮ ಕೈ ಚಾಚಿದಳು. ಬೊಬ್ಬೆ, ಗೀರು, ಮಡಚದ ಬೆರಳು, ಉಗುರಿನ ಸಂದಿಯಲ್ಲಿ ಮೀನಿನ ಒಂದು ಒಣ ಹುರುಪೆ.

ಹೆಡ್ಮಾಸ್ತರು ತಟ್ಟೆಯನ್ನು ಆ ಕೈಯ ಮೇಲಿನಿಂದ ಎತ್ತಿ, ಅವಳ ತಲೆ ದಾಟಿಸಿ, ಬೋಧಕರ ಕಡೆ ಚಾಚಿದರು.

ಚಿಕ್ಕಮ್ಮನ ಚಾಚಿದ ಕೈ ಹಾಗೇ ಉಳಿಯಿತು.

ಮೇಸ್ತ್ರಿ ಎದ್ದಾಗ ಕುರ್ಚಿ ಹಿಂದಕ್ಕೆ ಉರುಳಿತು. ಮೇಜಿನ ಉದ್ದಕ್ಕೂ ನಡೆದು ಬಂದಳು. ಹೆಡ್ಮಾಸ್ತರ ಕೈಯಿಂದ ತಟ್ಟೆ ಕಿತ್ತುಕೊಂಡಳು.

"ಏನಿದು ಮೇಸ್ತ್ರಿ! ನಿನ್ನೆ ನೀನೇ ಸಾಕ್ಷಿ ಹೇಳಿದ್ದೆ!" ಹೆಡ್ಮಾಸ್ತರು ಗುಡುಗಿದರು. "ಈಕೆ ಕೆಲಸಕ್ಕೆ ಬಂದಿದ್ಲಾ ಇಲ್ವಾ?"

ನಿನ್ನೆ ಕೇಳಿದ್ದೇ ಪ್ರಶ್ನೆ. ಮೇಸ್ತ್ರಿಗೆ ಎಲ್ಲರ ಎದುರು ಬೆತ್ತಲೆ ನಿಂತಂತಾಯಿತು. ಹಿಂದಿನ ಬೆಂಚಿನ ಹೆಂಗಸರು ಅವಳನ್ನು ನೋಡುತ್ತಿದ್ದರು. ಒಬ್ಬೊಬ್ಬಳನ್ನೂ ಅವಳು ಪ್ರಾರ್ಥನೆಯ ನಡುವಿನಿಂದ ಎಬ್ಬಿಸಿ ಕರೆದೊಯ್ದಿದ್ದಳು. ಒಬ್ಬೊಬ್ಬಳಿಗೂ ಸೋಮವಾರದ ಭಯ ತೋರಿಸಿದ್ದಳು.

"ಬಂದಿದ್ರು" ಎಂದಳು. ದನಿ ಒಡೆಯಿತು. "ಇವರು ನನ್ನ ಚಿಕ್ಕಮ್ಮ. ನನ್ನನ್ನ ಸಾಕಿದವರು. ನಾನು ಕರೆದೆ, ಅದಕ್ಕೆ ಬಂದ್ರು. ಅವರೆಲ್ಲಾನೂ ನಾನೇ ಕರೆದಿದ್ದು. ಬಾರದಿದ್ರೆ ನಾಳೆ ಕೆಲಸ ಇಲ್ಲ ಅಂತ ಹೆದರಿಸಿ ಕರೆದೆ. ನನ್ನನ್ನ ಕಳಿಸಿದ್ದು ಧಣಿ. ಕನ್ನಡಕ ಒರೆಸಿ ಕಳಿಸ್ತಿದ್ರು. ನೀವೆಲ್ಲ ನೋಡಿದ್ದೀರಿ. ನೋಡಿ ಕಣ್ಣು ಮುಚ್ಕೊಂಡು ಪ್ರಾರ್ಥನೆ ಮಾಡಿದ್ದೀರಿ. ಆ ಮೀನು ತಿಂದಿದ್ದೀರಿ. ಯಾವನಾದ್ರೂ ಒಬ್ಬ ಸೋಮವಾರ ಮೀನು ಬೇಡ ಅಂದಿದ್ದಾನಾ?"

ಬೋಧಕರು ತಲೆ ತಗ್ಗಿಸಿದರು. ಹೊರಗೆ ಸೀಟಿ ಕೂಗುತ್ತಿತ್ತು. ಎದ್ದು ನಿಂತಿದ್ದ ಹೆಂಗಸರಲ್ಲಿ ಒಬ್ಬಳು ಬೆಂಚಿನ ಮೇಲೆ ಕೂತಳು. ಅವಳ ಪಕ್ಕದವಳೂ ಕೂತಳು. ಆಮೇಲೆ ಎಲ್ಲರೂ ಕೂತರು.

ಮೇಸ್ತ್ರಿ ತಟ್ಟೆಯನ್ನು ಚಿಕ್ಕಮ್ಮನ ಮುಂದೆ ಹಿಡಿದಳು. ಕಣ್ಣೆತ್ತಿ ನೋಡಲು ಆಗಲಿಲ್ಲ.

ಚಿಕ್ಕಮ್ಮ ಕೈಯನ್ನು ಉಟ್ಟ ಬಟ್ಟೆಗೆ ಒರೆಸಿಕೊಂಡಳು. ರೊಟ್ಟಿ ಮುರಿದಳು. "ತಡವಾಯ್ತಲ್ಲಪ್ಪಾ" ಎಂದು ಮೇಲೆ ಯಾರಿಗೋ ಗೊಣಗಿ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನುಂಗಿ, ಇನ್ನೊಂದು ತುಂಡು ಮುರಿದಳು.

"ಬಾಯಿ ತೆರಿ" ಎಂದಳು.

ಮೇಸ್ತ್ರಿ ಹಿಂದೆ ಸರಿದಳು. "ಬೇಡ ಚಿಕ್ಕಮ್ಮ. ನನಗೆ ಯೋಗ್ಯತೆ ಇಲ್ಲ. ನನಗೆ ನಾಚಿಕೆಯಾಗ್ತಿದೆ."

"ಆಗ್ಲಿ. ನಿನ್ನ ಯೋಗ್ಯತೆ ಯಾರು ಕೇಳಿದ್ರು ಇಲ್ಲಿ? ಹಸಿವಾಗಿದ್ಯಾ ಇಲ್ವಾ ಅಷ್ಟು ಹೇಳು. ರಾತ್ರಿನೂ ತಿಂದಿಲ್ಲ ನೀನು. ಬಾಯಿ ತೆರಿ."

ಮೇಸ್ತ್ರಿ ಬಾಯಿ ತೆರೆದಳು. ಇಡೀ ಚರ್ಚು ನೋಡುತ್ತಿದ್ದಂತೆ, ಕ್ರೇಟಿನಲ್ಲಿ ಮಲಗಿದ್ದ ಕೂಸಿನ ಹಾಗೆ ಬಾಯಿ ತೆರೆದಳು.

ರೊಟ್ಟಿ ಮೀನು ನಾರುತ್ತಿತ್ತು.